ಸೊಸೆಗೆ ಹಾಕದ ಎಲೆ

"ಗುರುಗಳೇ, ಈ ನಾಲಿಗೆಯನ್ನು ಗೆಲ್ಲುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಅವಳು ಸಾಮಾನ್ಯ ಮನೆಯವಳಲ್ಲ. ಅವಳ ಮುತ್ತಜ್ಜ ಸುತ್ತಲಿನ ಹಳ್ಳಿಗಳಿಗೆಲ್ಲ ನ್ಯಾಯ ಹೇಳಿದವನು. ಅಜ್ಜಿ ಏಕಾದಶಿಯ ದಿನ ನೀರನ್ನೂ ಮುಟ್ಟದವಳು. ಆ ಮನೆಯವರು ಆಡಿದ ಮಾತಿಗೆ ತಪ್ಪಿದ್ದನ್ನು, ಊಟಕ್ಕೆ ಆತುರಪಟ್ಟಿದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ. ಅಂಥ ಮನೆಯಲ್ಲಿ ಹುಟ್ಟಿ ತಾನು ಹೀಗಾದೆನಲ್ಲ ಎಂಬುದೇ ಅವಳ ಸಂಕಟ. ಬೆಳಗ್ಗೆ ಉಪವಾಸದ ಸಂಕಲ್ಪ ಮಾಡುವಳು. ಸಂಜೆಗೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಸಿಕ್ಕಿದ್ದನ್ನೆಲ್ಲ ತಿನ್ನುವಳು. ಆಮೇಲೆ ಕನ್ನಡಿಯ ಮುಂದೆ ನಿಂತು, ಆಳುಕಾಳುಗಳಿಗೂ ಆಡದ ಮಾತನ್ನು ತನಗೆ ತಾನೇ ಆಡಿಕೊಳ್ಳುವಳು. ಮರುದಿನ ಉಪವಾಸ ಇನ್ನೂ ಬಿಗಿ. ಕಳೆದ ವಾರ ದೇವರ ಮನೆಯಲ್ಲೇ ತಲೆಸುತ್ತಿ ಬಿದ್ದಿದ್ದಳು.

"ನಾಳೆಯಿಂದ ಒಂದೇ ಹೊತ್ತು, ಅದೂ ಬರೀ ಗಂಜಿ. ಅಪ್ಪಣೆ ಕೊಡಿ" ಎಂದಳು.

ಗುರುಗಳು ಅಪ್ಪಣೆ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಅತ್ತೆ ಇದ್ದಳು. ಬಲು ಅಚ್ಚುಕಟ್ಟಿನವಳು. ಹೊಸದಾಗಿ ಬಂದ ಸೊಸೆ ಒಂದು ದಿನ ಊಟದ ನಡುವೆ ಮತ್ತೊಮ್ಮೆ ಅನ್ನ ಕೇಳಿದಳು. ಇವಳನ್ನು ಈಗಲೇ ಹದ್ದುಬಸ್ತಿನಲ್ಲಿ ಇಡಬೇಕು ಎಂದುಕೊಂಡ ಅತ್ತೆ, ಮರುದಿನದಿಂದ ಅರ್ಧ ಸೌಟು ಬಡಿಸಿದಳು. ಸೊಸೆ, ಅತ್ತೆ ಪೂಜೆಗೆ ಕುಳಿತ ಹೊತ್ತು ನೋಡಿ ಉಗ್ರಾಣಕ್ಕೆ ಹೋಗಿ ಬೆಲ್ಲ ತಿಂದಳು. ಅತ್ತೆ ಉಗ್ರಾಣಕ್ಕೆ ಬೀಗ ಹಾಕಿದಳು. ಸೊಸೆ ಬೀಗದ ಕೈ ಇಡುವ ಜಾಗ ಕಂಡುಕೊಂಡಳು. ಈ ಸಲ ಕೊಬ್ಬರಿಯೂ ಹೋಯಿತು. ಮತ್ತೆ ಯಾವಾಗ ಸಿಗುವುದೋ ಎಂದು, ಹಸಿವು ತೀರಿದ ಮೇಲೂ ತಿಂದಳು. ಅತ್ತೆ ಅವಳಿಗೆ ಕಳ್ಳಿ ಎಂದು ಹೆಸರಿಟ್ಟು, ಮಧ್ಯಾಹ್ನದ ಊಟವನ್ನೇ ನಿಲ್ಲಿಸಿದಳು. ಬೀಗ ದೊಡ್ಡದಾದಷ್ಟೂ ಕಳವು ದೊಡ್ಡದಾಯಿತು.

ಕೊನೆಗೆ ಅತ್ತೆ ಸೊಸೆಯ ತಂದೆಗೆ ಹೇಳಿಕಳಿಸಿದಳು. ಅವನೊಬ್ಬ ವ್ಯಾಪಾರಿ. ಬಂದವನನ್ನು ಊಟಕ್ಕೆ ಕೂರಿಸಿ, "ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ. ನಮ್ಮ ಉಗ್ರಾಣ ಗುಡಿಸಿಹಾಕಿದಳು" ಎಂದಳು.

ಅವನು ಅತ್ತಿತ್ತ ನೋಡಿದ. "ಅವಳ ಎಲೆ ಎಲ್ಲಿ?"

"ಕದ್ದು ತಿನ್ನುವವಳಿಗೆ ಎಲೆ ಬೇರೆ ಕೇಡು!"

"ಎಲೆ ಹಾಕಿ ಬಡಿಸಿದ್ದರೆ ಯಾಕೆ ಕದಿಯುತ್ತಿದ್ದಳು ತಾಯೀ? ಒಂದು ತಿಂಗಳು ಹೊತ್ತುಹೊತ್ತಿಗೆ ಬಡಿಸಿ ನೋಡಿ. ಆಮೇಲೂ ಕದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ."

ಪೀಡೆ ತೊಲಗುವುದಾದರೆ ಅದೂ ಆಗಲಿ ಎಂದು ಅತ್ತೆ ಒಪ್ಪಿದಳು. ಮೊದಮೊದಲು ಸೊಸೆ ಗಬಗಬ ತಿಂದಳು, ಮತ್ತೆ ಮತ್ತೆ ಕೇಳಿದಳು. ಅತ್ತೆ ಹಲ್ಲು ಕಚ್ಚಿಕೊಂಡು ಬಡಿಸಿದಳು. ನಾಳೆಯೂ ಊಟ ಉಂಟು ಎಂದು ಗಟ್ಟಿಯಾದ ಮೇಲೆ ಸೊಸೆಯ ಕೈ ನಿಧಾನವಾಯಿತು. ಒಂದು ದಿನ ಅತ್ತೆ ಅನ್ನ ತಂದಾಗ, ಸೊಸೆ ಎಲೆಗೆ ಕೈ ಅಡ್ಡ ಹಿಡಿದು, "ಸಾಕು ಅತ್ತೆ, ಹೊಟ್ಟೆ ತುಂಬಿತು" ಎಂದಳು.

ಆ ಹುಡುಗಿಯ ಬಾಯಲ್ಲಿ ಅತ್ತೆ ಆ ಮಾತು ಕೇಳಿದ್ದು ಅದೇ ಮೊದಲು. ಅಂದಿನಿಂದ ಉಗ್ರಾಣ ತೆರೆದೇ ಇತ್ತು. ಬೆಲ್ಲ ಇಟ್ಟಲ್ಲೇ ಇತ್ತು.

ಶಿಷ್ಯೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. "ತಪ್ಪು ಆ ಅತ್ತೆಯದೇ. ಮನೆಯ ಹೆಣ್ಣುಮಗಳನ್ನು ಹಾಗೆ ಹಸಿವಿನಲ್ಲಿ ಇಡಬಾರದು, ಹಾಗೆ ಹೀಯಾಳಿಸಬಾರದು. ನಮ್ಮ ಕಡೆ ಆಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಆದರೆ ಗುರುಗಳೇ, ನನಗೆ ಸೊಸೆಯೇ ಇಲ್ಲವಲ್ಲ!"

ಗುರುಗಳು ಹೇಳಿದರು: "ಬೀಗ ಹಾಕಿದವಳೂ ನೀನೇ, ಹಸಿದವಳೂ ನೀನೇ, ಆ ಹಸಿದವಳ ಕ್ಷಮೆ ಕೇಳು."