ಬಿಚ್ಚಿದ ಗೂಡು

ಗೀಜಗಗಳ ವಿದ್ಯಾಲಯದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನು ಕಿರಿಯನಿಗೆ ಗೂಡು ಹೆಣೆಯುವುದನ್ನು ಕಲಿಸುತ್ತಿದ್ದನು. ಕಲಿಸುವವನ ಕೊಕ್ಕು ಕಲಿಯುವವನ ಗೂಡನ್ನು ಮುಟ್ಟಬಾರದೆಂಬುದು ಅಲ್ಲಿಯ ನಿಯಮ.

“ಅಣ್ಣಾ, ಈ ಮೊದಲ ಗಂಟನ್ನು ನೀನೇ ಹಾಕಿಕೊಡು. ಸಂಜೆ ಗುರುಗಳು ಎಳೆದು ನೋಡುವಾಗ ಗೂಡು ಕಳಚಿದರೆ ನನ್ನನ್ನು ಮನೆಗೆ ಕಳುಹಿಸಿಬಿಡುತ್ತಾರೆ” ಎಂದು ಕಿರಿಯನು ಅತ್ತನು.

“ನಾನು ಹಾಕಿದರೆ ನಿನಗೆ ಬಂದಂತಾಗುವುದಿಲ್ಲ, ತಮ್ಮಾ” ಎಂದ ಹಿರಿಯನು ಪಕ್ಕದ ಕೊಂಬೆಗೆ ಹಾರಿ, ಮುಗಿದಿದ್ದ ತನ್ನ ಗೂಡನ್ನೇ ಬುಡದವರೆಗೆ ಬಿಚ್ಚಿದನು.

“ಅಯ್ಯೋ, ನಿನಗೇನು ಹುಚ್ಚೇ?”

“ನನ್ನದನ್ನು ನಾನು ಮುಟ್ಟಬಹುದಲ್ಲವೇ? ಮೊದಲಿನಿಂದ ನಿಧಾನವಾಗಿ ಹೆಣೆಯುತ್ತೇನೆ; ನೋಡಿಕೊಂಡು ನೀನೂ ಹೆಣೆ.”

ಸಂಜೆ ಗುರುಗಳು ಬಲವಾಗಿ ಎಳೆದರೂ ಕಿರಿಯನ ಗೂಡು ಕಳಚಲಿಲ್ಲ. ಪ್ರತಿ ಗಂಟನ್ನೂ ಮತ್ತೆ ಮತ್ತೆ ಬಿಚ್ಚಿ ತೋರಿಸಿದ್ದರಿಂದ ಇನ್ನೂ ಅರ್ಧವೇ ಆಗಿದ್ದ ತನ್ನ ಗೂಡಿನ ಮುಂದೆ ಕುಳಿತಿದ್ದ ಹಿರಿಯನನ್ನು ಕಿರಿಯನು ಕರೆದನು: “ನಿನ್ನದು ಮುಗಿಯುವವರೆಗೆ ನನ್ನ ಗೂಡಿನಲ್ಲೇ ಇರಣ್ಣಾ. ಜಾಗ ಸಾಲದಿದ್ದರೆ ನಾನು ಬಾಗಿಲಲ್ಲಿ ಕೂರುತ್ತೇನೆ.”