ದೀಪ ಮುಟ್ಟಿದ ಆಳ

ಹಗೆ... ಹಗೆಯೋ, ಹಗೇವೋ? ಊರು ಬಿಟ್ಟು ಐವತ್ತು ವರ್ಷವಾಯಿತು, ಹೆಸರು ನಾಲಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಹೌದು, ಹಗೇವು. ನಮ್ಮ ವಿಜಯಪುರದ ಕಡೆ ಜೋಳ ಕೆಡದಂತೆ ಇಡಲು ನೆಲದೊಳಗೆ ತೋಡುವ ಆಳವಾದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಕೋಣೆಯಷ್ಟು ಅಗಲ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಒಳಗಿನ ಗಾಳಿ ಕೆಟ್ಟು ವಿಷವಾಗುತ್ತದೆ. ತೆರೆದ ಕೂಡಲೇ ಇಳಿದವನು ಕೂಗುವ ಮೊದಲೇ ಬಿದ್ದುಬಿಡುತ್ತಾನೆ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು ಪದ್ಧತಿ. ದೀಪ ಆರಿದರೆ ಮನುಷ್ಯ ಇಳಿಯಬಾರದು.

ಭರಮಪ್ಪ ಹಗೇವಿಗೆ ಇಳಿಯುವುದರಲ್ಲಿ ಹೆಸರಾದವನು. ಒಂದು ಮುಂಜಾನೆ ಊರಿನ ರಾಚನಗೌಡರು ತಮ್ಮ ಹಗೇವಿನ ಜೋಳ ತೆಗೆಯಲು ಅವನನ್ನು ಕರೆಸಿದರು. ಅವರ ಮಗಳ ಮದುವೆಗೆ ಇನ್ನು ನಾಲ್ಕೇ ದಿನ. ಕಾಳು ಹಸನು ಮಾಡಲು ಭರಮಪ್ಪನ ಹೆಂಡತಿ ನಿಂಬೆವ್ವಳೂ ಜೊತೆಗೆ ಬಂದಳು.

ಕಲ್ಲು ಸರಿಸಿದರು. ಭರಮಪ್ಪ ಕಂದೀಲು ಇಳಿಬಿಟ್ಟ. ಹಗ್ಗ ಮುಗಿಯುವವರೆಗೂ ದೀಪ ಉರಿಯುತ್ತಲೇ ಇತ್ತು.

“ನೋಡ್ರಿ ಗೌಡ್ರ, ಹೆಂಗ ನಗಾಕತ್ತೈತಿ,” ಎಂದು ಅದನ್ನು ಮೇಲೆಳೆದುಕೊಂಡ. ಇನ್ನೊಂದು ಹಗ್ಗವನ್ನು ಸೊಂಟಕ್ಕೆ ಬಿಗಿಯತೊಡಗಿದ.

“ಲಗೂನ ಇಳಿಯಪಾ. ಬೀಸಾಕ ಹೆಣ್ಮಕ್ಕಳು ಕುಂತಾರ,” ಎಂದರು ಗೌಡರು.

ನಿಂಬೆವ್ವ ಹಗೇವಿನ ಬಾಯಿಯ ಬಳಿ ಬಗ್ಗಿ ನೋಡುತ್ತಿದ್ದಳು. “ದೀಪ ಎಲ್ಲಿತನಾ ಹೋಗಿತ್ತು?”

“ಹಗ್ಗ ಇದ್ದಷ್ಟು.”

“ನೀ ಎಲ್ಲಿತನಾ ಹೋಗಾಂವ?”

ಭರಮಪ್ಪ ನಕ್ಕ. “ಇಪ್ಪತ್ತು ವರ್ಷ ಆತು ಇಳ್ಯಾಕ ಹತ್ತಿ. ಈಗ ನಿನ್ನ ಕಡೆ ಕಲೀಬೇಕೇನು?”

“ಹೋದ ವರ್ಷ ಈ ಹಗ್ಗ ಅಳದಾಗ ಹಗೇವು ತುಂಬಿತ್ತು. ಆಮ್ಯಾಲ ಅರ್ಧ ಕಾಳು ತಗದಾರ. ಕಾಳು ಕೆಳಗ ಹೋಗೈತಿ. ಹಗ್ಗ ಏನು ಬೆಳದೈತೇನು?”

ಭರಮಪ್ಪನ ಕೈ ಸೊಂಟದ ಗಂಟಿನ ಮೇಲೆ ನಿಂತಿತು.

ಗೌಡರು ಮುಖ ಸಿಂಡರಿಸಿದರು. “ಹೊತ್ತು ಹೊಂಟೈತಿ ನಿಂಬೆವ್ವ.”

“ಹೊತ್ತು ನಾಳೆನೂ ಬರತೈತ್ರಿ ಯಪ್ಪಾ. ಇಂವಾ ಬರಬೇಕಲ್ಲ?” ಎಂದಳು ನಿಂಬೆವ್ವ. ಎತ್ತಿನ ಹಗ್ಗ ತಂದು ಕಂದೀಲಿನ ಹಗ್ಗಕ್ಕೆ ಗಂಟು ಹಾಕಿದಳು.

ಕಂದೀಲು ಮತ್ತೆ ಇಳಿಯಿತು. ಗಂಟು ಬಾಯಿ ದಾಟಿ ಒಳಗೆ ಹೋಯಿತು. ಒಂದು ಮೊಳ, ಎರಡು ಮೊಳ. ದೀಪ ಕುಗ್ಗಿತು. ಆಮೇಲೆ ಆರಿತು.

ಭರಮಪ್ಪ ಸೊಂಟದ ಹಗ್ಗ ಬಿಚ್ಚಿ ನೆಲದ ಮೇಲೆ ಕುಳಿತುಬಿಟ್ಟ. ಕೊನೆಗೆ ಗೌಡರೇ ಹೇಳಿದರು: “ಹೆಣ್ಮಕ್ಕಳಿಗೆ ಮನೀಗೆ ಹೋಗಾಕ ಹೇಳತೀನಿ. ನಾಳೆ ಬೀಸಿದರಾತು.”

ಇಡೀ ದಿನ ಬಾಯಿ ತೆರೆದಿಟ್ಟರು. ಕಂಬಳಿಯೊಂದನ್ನು ಹಗ್ಗಕ್ಕೆ ಕಟ್ಟಿ, ಏರಿಸಿ ಇಳಿಸಿ, ಒಳಗಿನ ಗಾಳಿ ಆಡಿಸಿದರು. ಗೌಡರೂ ಒಂದಷ್ಟು ಹೊತ್ತು ಕೈ ಹಚ್ಚಿದರು. ಮರುದಿನ ಕಂದೀಲು ಕಾಳಿನ ಮೇಲೆ ಹೋಗಿ ಕೂತರೂ ಉರಿಯಿತು. ಆಗ ಭರಮಪ್ಪ ಇಳಿದ. ಮೇಲೆ ಇಬ್ಬರು ಅವನ ಸೊಂಟದ ಹಗ್ಗ ಹಿಡಿದು ನಿಂತರು. ಮಧ್ಯಾಹ್ನದೊಳಗೆ ಬೇಕಾದಷ್ಟು ಜೋಳ ಮೇಲೆ ಬಂತು, ಭರಮಪ್ಪನೂ ಬಂದ. ಮದುವೆಯಲ್ಲಿ ಗಂಡ ಹೆಂಡತಿ ಒಂದೇ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಉಂಡರು.

ನೀತಿ: ಕೆಲಸಕ್ಕೆ ಇಳಿಯುವ ಮುನ್ನ, ನಮ್ಮ ಕಾಲು ಮುಟ್ಟುವ ಜಾಗದವರೆಗೂ ನಮ್ಮ ಎಚ್ಚರ ಮುಟ್ಟಬೇಕು. ಹೋದ ವರ್ಷದ ಅಳತೆಯನ್ನು ಈ ವರ್ಷ ನಂಬಬಾರದು. ತಡೆದು ಕೇಳುವವರ ಮೇಲೆ ಸಿಟ್ಟಾಗಬಾರದು.

ಅನಘಾ, ಅಜ್ಜಿಯ ಕೈ ನಡುಗುತ್ತದೆ. ಇದನ್ನು ನಿನ್ನ ದುಂಡಗಿನ ಅಕ್ಷರದಲ್ಲಿ ಬರೆದಿಡು, ನನ್ನವ್ವ.