ಮೂಲೆಯ ನೀಲಿ ಬೈಕು

ದಸ್ತಗೀರ್ ಸಾಹೇಬರ ಗ್ಯಾರೇಜಿನಲ್ಲಿ ನಾಲ್ಕು ಸಿಲಿಂಡರಿನ ಎರಡು ಹಳೆಯ ಟೂರಿಂಗ್ ಬೈಕುಗಳಿದ್ದವು. ಒಂದೇ ಕಂಪನಿ, ಒಂದೇ ವರ್ಷ. ಕಪ್ಪು ಬೈಕು ನಡುವೆ, ದೀಪದ ಕೆಳಗೆ ನಿಂತಿತ್ತು; ನೀಲಿಯದು ಮೂಲೆಯಲ್ಲಿ, ಗೋಣಿಚೀಲದ ಕೆಳಗೆ. ರಿಪೇರಿಯಾದದ್ದಕ್ಕೆ ರಸ್ತೆ, ಆಗದ್ದಕ್ಕೆ ಮೂಲೆ ಎಂಬುದು ಎರಡಕ್ಕೂ ಗೊತ್ತಿತ್ತು. ಸಾಹೇಬರು ದಿನವಿಡೀ ಕಪ್ಪು ಬೈಕಿನ ಮುಂದೆ ಕೂರುವುದನ್ನು ನೋಡಿ ನೀಲಿ ಬೈಕಿಗೆ ಹೊಟ್ಟೆ ಉರಿಯುತ್ತಿತ್ತು. ಸಾಹೇಬರಿಗೆ ಬೈಕುಗಳ ಮಾತು ತಿಳಿಯುತ್ತಿತ್ತು. ಅದೇ ತೊಂದರೆಯಾಯಿತು.

"ಅದರ ಕಾರ್ಬ್ಯುರೇಟರುಗಳು ಸೋರುತ್ತವೆ. ನನ್ನವು ನಾಲ್ಕೂ ಹೊಸದರಂತಿವೆ," ಎಂದಿತು ನೀಲಿ ಬೈಕು.

"ಹೌದೇನು? ನೋಡೂಣಂತ," ಎಂದು ಸಾಹೇಬರು ಬಂದು ನಾಲ್ಕನ್ನೂ ಬಿಚ್ಚಿಕೊಂಡು ಹೋದರು.

"ಅಣ್ಣಾ, ಸುಮ್ಮನಿರು," ಎಂದಿತು ಕಪ್ಪು ಬೈಕು.

"ಯಾಕೆ, ನನ್ನನ್ನೂ ಮುಟ್ಟಿದರೆಂದು ನಿನಗೆ ಹೊಟ್ಟೆಕಿಚ್ಚೇ?"

ಮರುದಿನ ನೀಲಿ ಬೈಕು ತನ್ನ ಚೈನನ್ನು ಹೊಗಳಿಕೊಂಡಿತು, ಆಮೇಲೆ ಪಿಸ್ಟನ್ನುಗಳನ್ನು, ಆಮೇಲೆ ಗಾಲಿಗಳನ್ನು. ಹೊಗಳಿದ್ದೆಲ್ಲ ಹೋಯಿತು. ಆದರೂ ಸಾಹೇಬರ ಕೈ ದಿನಕ್ಕೊಮ್ಮೆ ತನ್ನ ಮೇಲೆ ಬೀಳುತ್ತಿದೆಯಲ್ಲ ಎಂದು ಅದಕ್ಕೆ ಸಮಾಧಾನ.

ತಿಂಗಳ ಕೊನೆಗೆ ಕಪ್ಪು ಬೈಕು ನಾಲ್ಕೂ ಸಿಲಿಂಡರಿನಲ್ಲಿ ಗುಡುಗುತ್ತಾ ಗೋವಾದ ದಾರಿ ಹಿಡಿಯಿತು. ಇಟ್ಟಿಗೆಗಳ ಮೇಲೆ ಕುಳಿತಿದ್ದ ನೀಲಿ ಚಾಸಿ, ರಿಪೇರಿಗೆ ಬಂದ ಸ್ಕೂಟರಿಗೆ ಹೇಳಿತು: "ಕೇಳಿದೆಯಾ? ಆ ದನಿ ನನ್ನದು."

ಅಷ್ಟರಲ್ಲಿ ಸಾಹೇಬರು ಸ್ಕೂಟರಿನ ಮುಂದೆ ಕುಳಿತು ಅದರ ಹಾರ್ನ್ ಒತ್ತಿ ನೋಡಿದರು. ಚಾಸಿಗೆ ಮತ್ತೆ ಉರಿಯಿತು.

"ಅದೂ ಒಂದು ಹಾರ್ನೇ? ನನ್ನದನ್ನು ಕೇಳಿ ನೋಡಿ," ಎಂದಿತು.

ಸಾಹೇಬರು ಸ್ಪ್ಯಾನರ್ ಹಿಡಿದು ಎದ್ದರು.